ಬಜಪೆಯಿಂದ ದೇವನಹಳ್ಳಿಗೆ ಎಷ್ಟು ದೂರ?

ಮಂಗಳೂರಿನ ಕದ್ರಿಯ ನಮ್ಮ ಮನೆ ಮುಂದೆ ಟ್ಯಾಕ್ಸಿ ನಿಂತಾಗ ಬೆಳಗಿನ ಜಾವ ಐದು ಗಂಟೆ. ಚೀಲ ಡಿಕ್ಕಿಗೆ ಹಾಕುತ್ತ ಚಾಲಕರು ಕೇಳಿದರು: “ಬೆಂಗಳೂರಿಗಾ ಸರ್? ಈಗಲೇ ಹೊರಟ್ರೆ ನಾನು ಘಾಟಿ ಹತ್ತಿ ಹನ್ನೊಂದಕ್ಕೆಲ್ಲ ನೆಲಮಂಗಲ ಮುಟ್ಟಿಸ್ತಿದ್ದೆ.” ನಾನು ನಕ್ಕು ಸುಮ್ಮನಾದೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಜೇಬಿನ ಪುಸ್ತಕ ತೆಗೆದು ಅಂದು ದಾರಿಯುದ್ದಕ್ಕೂ ಹೊತ್ತು ಬರೆದಿಟ್ಟುಕೊಂಡೆ.

ಯೆಯ್ಯಾಡಿ, ಬೊಂದೆಲ್, ಕಾವೂರು ದಾಟಿ, ಮರವೂರು ಸೇತುವೆಯ ಮೇಲೆ ಫಲ್ಗುಣಿ ನದಿಯನ್ನು ಹಾದು ಬಜಪೆ ವಿಮಾನ ನಿಲ್ದಾಣದ ಕೆಂಜಾರಿನ ಟರ್ಮಿನಲ್ ಮುಟ್ಟಿದಾಗ 5.30. ವಿಮಾನ 7.10ಕ್ಕೆ. ಚಕ್ರ ನೆಲ ಬಿಟ್ಟದ್ದು 7.21ಕ್ಕೆ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಲ್ಲಿ ಚಕ್ರ ನೆಲ ಮುಟ್ಟಿದ್ದು 7.59ಕ್ಕೆ. ವಿಮಾನ ತನ್ನ ಜಾಗದಲ್ಲಿ ನಿಂತದ್ದು 8.09ಕ್ಕೆ. ಚೀಲ ಕೈಗೆ ಬಂದದ್ದು 8.35ಕ್ಕೆ. ವಾಯುವಜ್ರ ಬಸ್ಸು ಹೊರಟದ್ದು 8.50ಕ್ಕೆ. ಬಸವನಗುಡಿಯ ತಂಗಿಯ ಮನೆಯ ಗೇಟು ತೆರೆದಾಗ 10.30.

ಒಟ್ಟು ಐದೂವರೆ ಗಂಟೆ, ಅಂದರೆ 330 ನಿಮಿಷ. ಅದರಲ್ಲಿ ನಾನು ಆಕಾಶದಲ್ಲಿ ಇದ್ದದ್ದು 38 ನಿಮಿಷ. ಒಂಬತ್ತರಲ್ಲಿ ಒಂದು ಪಾಲು. ನಾವು ನೆಲ ಬಿಡುವ ಹೊತ್ತಿಗೆ ಆ ಟ್ಯಾಕ್ಸಿ ಶಿರಾಡಿ ಘಾಟಿಯ ಬುಡದಲ್ಲಿರುವ ಗುಂಡ್ಯ ಮುಟ್ಟಿರುತ್ತಿತ್ತು.

ಎರಡು ಊರುಗಳ ವಿಮಾನ ನಿಲ್ದಾಣಗಳ ನಡುವೆ ದೂರ ಎಷ್ಟು, ಹಾರಲು ಎಷ್ಟು ಹೊತ್ತು ಎಂದು ಯಾರಾದರೂ ಕೇಳಿದರೆ ಒಂದು ಅಂಕಿ ಹೇಳಿ ಮುಗಿಸುತ್ತೇವೆ. ಆ ಅಂಕಿ ಸುಳ್ಳಲ್ಲ. ಆದರೆ ಪ್ರಯಾಣ ಮಾಡುವವರಿಗೆ ಬೇಕಾದ ಉತ್ತರ ಅದರಲ್ಲಿ ಇರುವುದಿಲ್ಲ. ಮಂಗಳೂರನ್ನೇ ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಒಮ್ಮೆ ಪೂರ್ತಿಯಾಗಿ ನೋಡಬೇಕು ಅನ್ನಿಸಿದ್ದು ಹಾಗೆ.

ದೂರ ಎಂದರೆ ಯಾವ ದೂರ?

ನಕ್ಷೆಯ ಮೇಲೆ ಬಜಪೆಯ ರನ್‌ವೇಯಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಅದು ಸುಮಾರು 306 ಕಿಲೊಮೀಟರ್. ಪೈಲಟ್‌ಗಳು ಲೆಕ್ಕ ಹಾಕುವುದು ನಾಟಿಕಲ್ ಮೈಲಿನಲ್ಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ.; ಅವರ ಲೆಕ್ಕದಲ್ಲಿ ಇದು ಸುಮಾರು 165. ಎರಡೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ, 13 ಡಿಗ್ರಿಯ ಆಚೀಚೆ ಇರುವುದರಿಂದ ಗೆರೆ ಪಶ್ಚಿಮದಿಂದ ಪೂರ್ವಕ್ಕೆ ನೆಟ್ಟಗೆ ಹೋಗುತ್ತದೆ. ರಸ್ತೆಯಲ್ಲಿ ಮಂಗಳೂರು ನಗರದಿಂದ ಬೆಂಗಳೂರು ನಗರಕ್ಕೆ ಸುಮಾರು 350 ಕಿ.ಮೀ. ಅಂದರೆ ಆಕಾಶಮಾರ್ಗಕ್ಕೂ ನೆಲದ ಮಾರ್ಗಕ್ಕೂ ಉದ್ದದಲ್ಲಿ ಭಾರೀ ಅಂತರವಿಲ್ಲ. ಅಂತರ ಇರುವುದು ನಡುವೆ ನಿಂತ ಘಟ್ಟದಲ್ಲಿ.

ಬಜಪೆಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಗುಡ್ಡದ ಮೇಲಿದೆ. ದೇವನಹಳ್ಳಿಯದು 915 ಮೀಟರ್ ಎತ್ತರದಲ್ಲಿ. ಎಂಟುನೂರು ಮೀಟರ್ ಮೇಲೇರುವ ಈ ಕೆಲಸವನ್ನು ವಿಮಾನ ಯಾರಿಗೂ ತಿಳಿಯದಂತೆ ಮಾಡಿ ಮುಗಿಸುತ್ತದೆ. ರಸ್ತೆ ಮತ್ತು ರೈಲು ಅದನ್ನು ಶಿರಾಡಿ, ಎಡಕುಮೇರಿಗಳಲ್ಲಿ ಒಂದೊಂದೇ ತಿರುವಿನಲ್ಲಿ ಮಾಡಬೇಕು. ಕರಾವಳಿಯವರ ಬಾಯಲ್ಲಿ ಬೆಂಗಳೂರಿಗೆ ಹೋಗುವುದೆಂದರೆ ಇವತ್ತಿಗೂ “ಘಾಟಿ ಹತ್ತುವುದು”. ನಮ್ಮ ಭಾಷೆ ದೂರವನ್ನು ಅಳೆಯುವುದು ಕಿಲೊಮೀಟರಿನಲ್ಲಿ ಅಲ್ಲ, ಏರಿನಲ್ಲಿ.

ಇಪ್ಪತ್ತೆರಡು ನಿಮಿಷದ ದಾರಿಗೆ ಒಂದು ಗಂಟೆ ಏಕೆ?

ಏರ್‌ಬಸ್ 320ರಂಥ ಜೆಟ್ ವಿಮಾನ ಎತ್ತರದಲ್ಲಿ ಗಂಟೆಗೆ 830 ಕಿ.ಮೀ. ವೇಗದಲ್ಲಿ ಹಾರಬಲ್ಲದು. ಆ ವೇಗದಲ್ಲಿ 306 ಕಿ.ಮೀ. ಕ್ರಮಿಸಲು 22 ನಿಮಿಷ ಸಾಕು. ವೇಳಾಪಟ್ಟಿ ಮಾತ್ರ ಒಂದು ಗಂಟೆ, ಒಂದು ಗಂಟೆ ಹತ್ತು ನಿಮಿಷ ಎನ್ನುತ್ತದೆ. ಕಾರಣ ಸರಳ. ಇಷ್ಟು ಸಣ್ಣ ದಾರಿಯಲ್ಲಿ ವಿಮಾನಕ್ಕೆ ಪೂರ್ತಿ ವೇಗ ಹಿಡಿಯಲು ಪುರಸೊತ್ತೇ ಸಿಗುವುದಿಲ್ಲ. ಏರುವುದು ಮುಗಿಯಿತು ಅನ್ನುವಷ್ಟರಲ್ಲಿ ಇಳಿಯಲು ಶುರು ಮಾಡಬೇಕು. ಹತ್ತು ಸಾವಿರ ಅಡಿಗಿಂತ ಕೆಳಗೆ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಮೀರಬಾರದೆಂಬ ಸಾಮಾನ್ಯ ನಿಯಮ ಬೇರೆ. ಎಟಿಆರ್ 72ರಂಥ ಪ್ರೊಪೆಲರ್ ವಿಮಾನ ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿ ಹಾರಿದರೂ ಇಷ್ಟೇ ದಾರಿಗೆ ಜೆಟ್‌ಗಿಂತ ಹತ್ತು-ಹನ್ನೆರಡು ನಿಮಿಷ ಮಾತ್ರ ಹೆಚ್ಚು ತೆಗೆದುಕೊಳ್ಳುವುದು ಇದೇ ಕಾರಣಕ್ಕೆ.

ಇದಲ್ಲದೆ, ವಿಮಾನ ಕಂಪನಿಗಳು ಮುದ್ರಿಸುವ ಹೊತ್ತು ಹಾರಾಟದ ಹೊತ್ತಲ್ಲ. ನಿಂತ ಜಾಗದಲ್ಲಿ ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆ ತೆಗೆದ ಕ್ಷಣದಿಂದ, ಇನ್ನೊಂದು ತುದಿಯಲ್ಲಿ ಮತ್ತೆ ಅಡ್ಡಗಟ್ಟೆ ಇಡುವವರೆಗಿನ ಹೊತ್ತು ಅದು. ಇದಕ್ಕೆ ‘ಬ್ಲಾಕ್ ಟೈಮ್’ ಎನ್ನುತ್ತಾರೆ. ನನ್ನ ಪುಸ್ತಕದ 38 ನಿಮಿಷಕ್ಕೆ ಎರಡೂ ಕಡೆ ನೆಲದ ಮೇಲೆ ಉರುಳಿದ ಹೊತ್ತು ಸೇರಿ ಸುಮಾರು ಒಂದು ಗಂಟೆ ಆಯಿತು. ಕಂಪನಿಗಳು ಅದಕ್ಕೆ ಐದು-ಹತ್ತು ನಿಮಿಷ ಕೂಡಿಸಿಯೇ ಮುದ್ರಿಸುತ್ತವೆ. ದೇವನಹಳ್ಳಿಯಂಥ ದಟ್ಟಣೆಯ ನಿಲ್ದಾಣದಲ್ಲಿ ಸರದಿ ಕಾಯುವುದು ಇದ್ದೇ ಇರುತ್ತದೆ.

ಗಾಳಿಯ ದಿಕ್ಕಿನ ಪಾತ್ರವೂ ಉಂಟು. ಮಂಗಳೂರಿನ ರನ್‌ವೇಯ ಒಂದು ತುದಿಗೆ 06, ಇನ್ನೊಂದಕ್ಕೆ 24 ಎಂದು ಹೆಸರು. ದಿಕ್ಸೂಚಿಯ 60 ಡಿಗ್ರಿ ಮತ್ತು 240 ಡಿಗ್ರಿ ಎಂಬುದರ ಚುಟುಕು ಅದು. ಕಡಲ ಗಾಳಿ ಬೀಸುವಾಗ ವಿಮಾನ 24ರ ದಿಕ್ಕಿನಲ್ಲಿ, ಅಂದರೆ ನೈಋತ್ಯಕ್ಕೆ ಮುಖ ಮಾಡಿ ಏರುತ್ತದೆ. ಆಗ ಪೂರ್ವದ ಬೆಂಗಳೂರಿಗೆ ಹೋಗಬೇಕಾದವರು ಮೊದಲು ಪಣಂಬೂರು, ತಣ್ಣೀರುಬಾವಿಯ ಕಡಲನ್ನು ನೋಡುತ್ತಾರೆ. ಬಂದರಿನ ಹೊರಗೆ ಸರದಿ ಕಾಯುವ ಹಡಗುಗಳ ಮೇಲೆ ಒಂದು ಸುತ್ತು ಬಂದು ಘಟ್ಟದತ್ತ ತಿರುಗುತ್ತಾರೆ. ಅದಕ್ಕೆ ಹೋಗುವುದು ಕೆಲವೇ ನಿಮಿಷ. ಆದರೆ ನೇರ ಗೆರೆ ಎಂಬುದು ಆಕಾಶದಲ್ಲೂ ಇಲ್ಲ ಎಂದು ಅದು ತೋರಿಸಿಕೊಡುತ್ತದೆ.

ಎಪ್ಪತ್ತು ವರ್ಷಗಳ ದಾರಿ

ಬಜಪೆ ನಿಲ್ದಾಣ ಉದ್ಘಾಟನೆಯಾದದ್ದು 1951ರ ಡಿಸೆಂಬರ್ 25ರಂದು. ಪ್ರಧಾನಿ ಜವಾಹರಲಾಲ್ ನೆಹರೂ ಡಗ್ಲಸ್ ಡಿಸಿ-3 ವಿಮಾನದಲ್ಲಿ ಬಂದಿಳಿದರು. ಆಗಿನ್ನೂ ಮಂಗಳೂರಿನಿಂದ ಹಾಸನಕ್ಕೆ ರೈಲು ಇರಲಿಲ್ಲ. ಅದು ಬಂದದ್ದು 1979ರಲ್ಲಿ. ಮುಂಬೈಗೆ ಹೋಗುವವರಿಗೆ ಕಡಲೇ ಹೆದ್ದಾರಿಯಾಗಿದ್ದ ಕಾಲ ಅದು. ಹಳೆಯ ರನ್‌ವೇ 1,615 ಮೀಟರ್ ಉದ್ದದ್ದು. ಗುಡ್ಡದ ನೆತ್ತಿ ಸಮತಟ್ಟು ಮಾಡಿ ಕಟ್ಟಿದ್ದು. ತುದಿ ದಾಟಿದರೆ ಕಣಿವೆ. ದಶಕಗಳ ಕಾಲ ಅಲ್ಲಿ ಆವ್ರೊದಂಥ ಸಣ್ಣ ವಿಮಾನಗಳು, ಆಮೇಲೆ ಬೋಯಿಂಗ್ 737ಗಳು ಇಳಿದವು.

2006ರಲ್ಲಿ 2,450 ಮೀಟರ್ ಉದ್ದದ ಎರಡನೆಯ ರನ್‌ವೇ ಬಳಕೆಗೆ ಬಂತು. ಅದೇ ವರ್ಷ ದುಬೈಗೆ ನೇರ ವಿಮಾನ ಶುರುವಾಯಿತು. ಕೆಂಜಾರಿನ ಕಡೆಯ ಹೊಸ ಟರ್ಮಿನಲ್ 2010ರ ಮೇ 15ರಂದು ಉದ್ಘಾಟನೆಗೊಂಡಿತು. ಅದಾಗಿ ಒಂದು ವಾರಕ್ಕೆ, ಮೇ 22ರ ಬೆಳಗ್ಗೆ, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ಮೀರಿ ಕಣಿವೆಗೆ ಉರುಳಿ 158 ಜನ ತೀರಿಕೊಂಡರು. ಬದುಕಿ ಬಂದವರು ಎಂಟು ಮಂದಿ. ಆ ಬೆಳಗನ್ನು ಈ ಊರು ಮರೆತಿಲ್ಲ. ಇಲ್ಲಿ ವಿಮಾನ ಇಳಿಸುವ ಹೊಣೆಯನ್ನು ಸಹ ಪೈಲಟ್‌ಗೆ ಬಿಡದೆ ಕ್ಯಾಪ್ಟನ್ ಕೈಗೇ ಕೊಟ್ಟಿರುವುದನ್ನು, ಮಳೆಯಲ್ಲಿ ದಾರಿ ಕಾಣದಿದ್ದರೆ ಇಳಿಯದೆ ಮರಳುವುದನ್ನು ನಾವು ತಡ ಎಂದು ಗೊಣಗಬಾರದು. ಹಾರಾಟದ ಹೊತ್ತಿಗೆ ಕೂಡಿಸಿದ ಆ ನಿಮಿಷಗಳಿಗೆ ಬೆಲೆ ಕಟ್ಟಲಾಗದು.

2012ರಲ್ಲಿ ನಿಲ್ದಾಣಕ್ಕೆ ಅಂತಾರಾಷ್ಟ್ರೀಯ ಸ್ಥಾನಮಾನ ಸಿಕ್ಕಿತು. 2020ರ ಅಕ್ಟೋಬರ್ 31ರಿಂದ ಅದರ ನಿರ್ವಹಣೆ ಅದಾನಿ ಸಮೂಹದ ಕೈಯಲ್ಲಿದೆ. 2023ರ ಆರಂಭದ ತಿಂಗಳುಗಳಲ್ಲಿ ಹಗಲು ಹೊತ್ತು ರನ್‌ವೇ ಮುಚ್ಚಿ ಮೇಲ್ಪದರವನ್ನು ಹೊಸದಾಗಿ ಹಾಸಿದರು.

ಈ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ ಒಂದಿದೆ. ಡಿಸಿ-3 ವಿಮಾನ ಗಂಟೆಗೆ ಸುಮಾರು 300 ಕಿ.ಮೀ. ಹಾರುತ್ತಿತ್ತು. ಬೆಂಗಳೂರಿನ ದೂರಕ್ಕೆ ಅಂಥ ವಿಮಾನಕ್ಕೂ ಬೇಕಾಗುವುದು ಒಂದು ಗಂಟೆ, ಒಂದೂಕಾಲು ಗಂಟೆ. ಈಗಿನ ಜೆಟ್ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ವೇಗದ್ದು. ಆದರೂ ವೇಳಾಪಟ್ಟಿಯಲ್ಲಿ ಇರುವುದು ಒಂದು ಗಂಟೆಯೇ. ಎಪ್ಪತ್ತು ವರ್ಷಗಳ ತಂತ್ರಜ್ಞಾನ ಈ ದಾರಿಯಲ್ಲಿ ಉಳಿಸಿಕೊಟ್ಟದ್ದು ಕೆಲವೇ ನಿಮಿಷ. ಅಷ್ಟೇ ಕಾಲದಲ್ಲಿ ದಾರಿಯ ಎರಡು ತುದಿಗಳು ಗಂಟೆಗಟ್ಟಲೆ ಹಿಗ್ಗಿದವು.

ಹಿಗ್ಗಿದ ತುದಿಗಳು

2008ರ ಮೇ 24ರವರೆಗೆ ಬೆಂಗಳೂರಿನ ವಿಮಾನಗಳು ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಎಂ.ಜಿ. ರಸ್ತೆಗೆ ಆಟೊದಲ್ಲಿ ಹೋಗಬಹುದಿತ್ತು. ದೇವನಹಳ್ಳಿ ನಗರದ ನಡುವಿನಿಂದ 35 ಕಿ.ಮೀ. ಉತ್ತರಕ್ಕೆ. ನಕ್ಷೆಯಲ್ಲಿ ಅಳೆದರೆ ಮಂಗಳೂರಿನಿಂದ ಎಚ್‌ಎಎಲ್‌ಗೂ ದೇವನಹಳ್ಳಿಗೂ ಇರುವ ವ್ಯತ್ಯಾಸ ಐದಾರು ಕಿಲೊಮೀಟರ್ ಮಾತ್ರ. ಹಾರಾಟದ ಹೊತ್ತು ಅಲ್ಲಾಡಲಿಲ್ಲ. ಆದರೆ ಕರಾವಳಿಯ ಎಷ್ಟೋ ಕುಟುಂಬಗಳು ನೆಲೆಸಿರುವ ಬಸವನಗುಡಿ, ಜಯನಗರ, ಬನಶಂಕರಿಗಳಿಗೆ ಪ್ರಯಾಣ ಒಂದು ಗಂಟೆಗಿಂತ ಹೆಚ್ಚು ಉದ್ದವಾಯಿತು. ಬೆಂಗಳೂರು ಬೆಳೆದದ್ದರಿಂದ ಹೊಸ ನಿಲ್ದಾಣ ಬೇಕಿತ್ತು, ನಿಜ. ಆದರೆ ರನ್‌ವೇ ಮೊದಲು ಬಂತು, ಅದಕ್ಕೆ ಹೋಗುವ ಮೆಟ್ರೊ ಹದಿನೈದು ವರ್ಷ ಕಳೆದರೂ ಬರಲಿಲ್ಲ. ಅಷ್ಟು ವರ್ಷಗಳ ಕಾಲ ಬಡವರ ಮತ್ತು ಮಧ್ಯಮ ವರ್ಗದವರ ಕೈಹಿಡಿದದ್ದು ಬಿಎಂಟಿಸಿಯ ವಾಯುವಜ್ರ.

ಮಂಗಳೂರಿನ ತುದಿ ಚಿಕ್ಕದು. ನಗರದ ನಡುವಿನ ಹಂಪನಕಟ್ಟೆಯಿಂದ ಹದಿಮೂರು ಹದಿನಾಲ್ಕು ಕಿಲೊಮೀಟರ್. ಆದರೆ ಅದು ಎಷ್ಟು ನಾಜೂಕಿನದು ಎಂದು 2021ರ ಜೂನ್‌ನಲ್ಲಿ ತಿಳಿಯಿತು. ಮಳೆಗಾಲದ ಶುರುವಿನಲ್ಲಿ ಮರವೂರಿನ ಹಳೆಯ ಸೇತುವೆ ಕುಸಿದು, ವಾಹನ ಸಂಚಾರ ನಿಂತಿತು. ದುರಸ್ತಿಯಾಗಿ ದಾರಿ ತೆರೆಯಲು ಒಂದು ತಿಂಗಳಿಗೂ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ಜನ ಸುತ್ತಿ ಬಳಸಿ ನಿಲ್ದಾಣಕ್ಕೆ ಹೋದರು. ಕೋಟಿಗಟ್ಟಲೆ ಬೆಲೆಯ ವಿಮಾನಗಳು, ನುಣ್ಣನೆಯ ಟರ್ಮಿನಲ್, ಎಲ್ಲವೂ ಫಲ್ಗುಣಿಯ ಮೇಲಿನ ಒಂದು ಹಳೆಯ ಸೇತುವೆಯ ಕಂಬವನ್ನು ನಂಬಿದ್ದವು.

ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬಜಪೆ, ಕಟೀಲಿನ ಕಡೆಗೆ ಖಾಸಗಿ ಬಸ್ಸುಗಳು ಬೇಕಾದಷ್ಟು ಓಡುತ್ತವೆ. ಆದರೆ ಅವು ಇರುವುದು ಊರಿನವರ ದಿನನಿತ್ಯದ ಓಡಾಟಕ್ಕೆ. ಬೆಳಗಿನ ಮೊದಲ ವಿಮಾನಕ್ಕಾಗಲಿ ರಾತ್ರಿಯ ಕೊನೆಯ ವಿಮಾನಕ್ಕಾಗಲಿ ಒದಗುವುದಿಲ್ಲ. ಆ ಹೊತ್ತಿಗೆ ಟ್ಯಾಕ್ಸಿಯೇ ಗತಿ. ಕಾಸರಗೋಡು, ಪುತ್ತೂರು, ಉಡುಪಿ, ಕುಂದಾಪುರದವರಿಗಂತೂ ಮೊದಲ ತುದಿಯೇ ಒಂದೂವರೆ ಎರಡು ಗಂಟೆ. ಕಾಸರಗೋಡಿನವರ ತುದಿಗೆ ರಾಜ್ಯದ ಗಡಿ ಬೇರೆ ಸೇರಿದೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ತಲಪಾಡಿಯ ಗಡಿ ಮುಚ್ಚಿದಾಗ, ಐವತ್ತು ಕಿಲೊಮೀಟರ್ ದೂರದ ಮಂಗಳೂರಿನ ಆಸ್ಪತ್ರೆಗಳೇ ಅವರ ಕೈಗೆ ಎಟುಕದಾದವು. ದೂರವನ್ನು ನೆಲವೊಂದೇ ನಿರ್ಧರಿಸುವುದಿಲ್ಲ, ಆಡಳಿತವೂ ನಿರ್ಧರಿಸುತ್ತದೆ ಎಂಬುದನ್ನು ಅಂದು ಕಂಡೆವು.

ಘಟ್ಟ ಕುಸಿದಾಗ

ಹಾಗಾದರೆ ವಿಮಾನ ಬೇಕೇ ಎಂದು ಕೇಳಬಹುದು. ಐದೂವರೆ ಗಂಟೆಯ ವಿಮಾನ ಪ್ರಯಾಣಕ್ಕೂ ಏಳೆಂಟು ಗಂಟೆಯ ಬಸ್ಸಿಗೂ ಅಂತರ ಎರಡು ಗಂಟೆ. ಬಿಜೈ ನಿಲ್ದಾಣದಲ್ಲಿ ರಾತ್ರಿ ಹತ್ತಕ್ಕೆ ಬಸ್ಸು ಹತ್ತಿದರೆ ನಿದ್ದೆಯಲ್ಲೇ ಬೆಂಗಳೂರು. ರಾತ್ರಿ ರೈಲಿಗೆ ಹತ್ತು ಗಂಟೆಯ ಆಸುಪಾಸು ಹಿಡಿದರೂ ಮೈಚಾಚಿ ಮಲಗಬಹುದು. ನಮ್ಮ ಜನರಲ್ಲಿ ಹೆಚ್ಚಿನವರು ಇಂದಿಗೂ ಹೋಗುವುದು ಹೀಗೆಯೇ.

ಬೇಸಿಗೆಯಲ್ಲಿ ಈ ಲೆಕ್ಕ ಸರಿ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಲೆಕ್ಕ ಬದಲಾಗುತ್ತದೆ. ಶಿರಾಡಿಯ ಇಪ್ಪತ್ತಾರು ಕಿಲೊಮೀಟರ್ ರಸ್ತೆಗೆ ಕಾಂಕ್ರೀಟ್ ಹಾಕಲು 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ತಿಂಗಳುಗಟ್ಟಲೆ ಹೆದ್ದಾರಿಯನ್ನು ಮುಚ್ಚಿದರು. 2018ರ ಜುಲೈನಲ್ಲಿ ತೆರೆದ ದಾರಿ ಆಗಸ್ಟ್‌ನ ಮಹಾಮಳೆಗೆ ಕುಸಿದು ಮತ್ತೆ ಮುಚ್ಚಿತು. ಅದೇ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜಾರಿ ಮಡಿಕೇರಿಯ ದಾರಿಯೂ ಹೋಯಿತು. ಮರುವರ್ಷ ಚಾರ್ಮಾಡಿ ಘಾಟಿಯ ಸರದಿ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲಿನಲ್ಲಿ ಗುಡ್ಡ ರಸ್ತೆಗೆ ಇಳಿಯಿತು. ಅದೇ ತಿಂಗಳು ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲು ನಿಂತಿತು.

ರೈಲಿನ ಘಟ್ಟದ ಭಾಗ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೊಮೀಟರ್. 57 ಸುರಂಗಗಳು. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರು. ವೇಗ ಗಂಟೆಗೆ 30 ಕಿ.ಮೀ. ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ನಿಲ್ಲಿಸಿದ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷಗಳ ಖಾಲಿ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೂಲಕ ಹಾಸನಕ್ಕೆ ನೇರ ಮಾರ್ಗ ಬಂದು ಘಟ್ಟದ ಮೇಲಿನ ದಾರಿ ಚಿಕ್ಕದಾಯಿತು. ಘಟ್ಟ ಮಾತ್ರ ಹಾಗೆಯೇ ಉಳಿಯಿತು.

ರಸ್ತೆ, ರೈಲು ಎರಡೂ ನಿಂತ ದಿನಗಳಲ್ಲಿ ಕರಾವಳಿಗೂ ರಾಜಧಾನಿಗೂ ಉಳಿಯುವ ನೇರ ದಾರಿ ಬಜಪೆಯೊಂದೇ. ಆಗ 38 ನಿಮಿಷದ ಬೆಲೆಯೇ ಬೇರೆ. ಆದರೆ ಅದೇ ಮಳೆ ವಿಮಾನವನ್ನೂ ಬಿಡುವುದಿಲ್ಲ. ಒಂದು ಜುಲೈನಲ್ಲಿ ನಾನು ಬೆಂಗಳೂರಿನಿಂದ ಮರಳುತ್ತಿದ್ದೆ. ಕಿಟಕಿಯ ಹೊರಗೆ ಹತ್ತಿಯಂಥ ಬಿಳುಪು. ರೆಕ್ಕೆಯ ತುದಿಯೂ ಕಾಣದು. ಮುಕ್ಕಾಲು ಗಂಟೆ ಸುತ್ತಿದ ಮೇಲೆ ವಿಮಾನ ಬೆಂಗಳೂರಿಗೇ ಮರಳಿತು. ಪಕ್ಕದ ಸೀಟಿನಲ್ಲಿದ್ದ ಬಂಟ್ವಾಳದ ಹಿರಿಯರು ಅಣ್ಣನ ಶವಸಂಸ್ಕಾರಕ್ಕೆ ಹೊರಟವರು. ಸಂಜೆಯವರೆಗೆ ಯಾವ ಕೌಂಟರಿನಲ್ಲೂ ಅವರಿಗೆ ನೆಟ್ಟಗೆ ಉತ್ತರ ಸಿಗಲಿಲ್ಲ. “ಬರುವುದಿಲ್ಲ ಅಂತ ಬೆಳಿಗ್ಗೆಯೇ ಹೇಳಿದ್ರೆ ಬಸ್ಸಿಗೆ ಹೋಗ್ತಿದ್ದೆ ಮಾರಾಯ್ರೆ” ಎಂದು ಅವರು ಕಣ್ಣೊರೆಸಿಕೊಂಡದ್ದು ಮರೆಯಲಾರೆ. ಮಳೆಯನ್ನು ಯಾರೂ ತಡೆಯಲಾರರು. ಮಳೆಯ ಮಾಹಿತಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು ಮನುಷ್ಯರ ಕೈಯಲ್ಲಿದೆ.

ತುದಿಗಳು ಕುಗ್ಗಿದ ದಿನ

2020ರ ಫೆಬ್ರವರಿಯಲ್ಲಿ ಹೃದಯದ ತೊಂದರೆಯಿದ್ದ 40 ದಿನದ ಮಗುವನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬುಲೆನ್ಸ್‌ನಲ್ಲಿ ಕರೆದೊಯ್ದರು. ದಾರಿಯುದ್ದಕ್ಕೂ ಪೊಲೀಸರು ಮತ್ತು ಊರೂರಿನ ಜನ ನಿಂತು ರಸ್ತೆ ತೆರವು ಮಾಡಿಕೊಟ್ಟರು. ಆಂಬುಲೆನ್ಸ್ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು. ಮನೆಯಿಂದ ಮನೆಗೆ ವಿಮಾನದಲ್ಲಿ ನನಗೆ ಹಿಡಿದದ್ದಕ್ಕಿಂತ ಒಂದು ಗಂಟೆ ಕಡಿಮೆ.

ಅಂಗಾಂಗ ದಾನದ ಸಂದರ್ಭಗಳಲ್ಲಿ ಇನ್ನೊಂದು ಬಗೆಯ ಲೆಕ್ಕ ಕಾಣುತ್ತದೆ. ದಾನಿಯ ದೇಹದಿಂದ ತೆಗೆದ ಹೃದಯವನ್ನು ನಾಲ್ಕರಿಂದ ಆರು ಗಂಟೆಯೊಳಗೆ ಕಸಿ ಮಾಡಬೇಕು. ಮಂಗಳೂರಿನಿಂದ ಬೆಂಗಳೂರಿಗೆ ಅಂಗಾಂಗ ಸಾಗಿಸುವಾಗ ಆಸ್ಪತ್ರೆಯಿಂದ ಕೆಂಜಾರಿಗೆ ಮತ್ತು ದೇವನಹಳ್ಳಿಯಿಂದ ಆಸ್ಪತ್ರೆಗೆ ಪೊಲೀಸರು ಹಸಿರು ದಾರಿ ಮಾಡಿಕೊಡುತ್ತಾರೆ. ಆ ದಿನ ವಿಮಾನವೇನೂ ಹೆಚ್ಚು ವೇಗವಾಗಿ ಹಾರುವುದಿಲ್ಲ. ಹಾರಾಟ ಅದೇ 38, 40 ನಿಮಿಷ. ಕುಗ್ಗುವುದು ತುದಿಗಳು ಮಾತ್ರ. ಜೀವ ಉಳಿಸಬೇಕಾದಾಗ ಎಲ್ಲಿ ಹೊತ್ತು ಉಳಿಸಬೇಕು ಎಂದು ನಮಗೆ ಚೆನ್ನಾಗಿ ಗೊತ್ತು.

ಬೆಂಗಳೂರು ಬಿಟ್ಟರೆ?

ಇಲ್ಲಿಯವರೆಗೆ ಹೇಳಿದ್ದು ರಾಜಧಾನಿಯ ದಾರಿ. ಕರ್ನಾಟಕದ ಬೇರೆ ಕೆಲವು ಊರುಗಳಿಗೆ ಮಂಗಳೂರಿನಿಂದ ಆಕಾಶದ ದೂರ ಇನ್ನೂ ಕಡಿಮೆ. ಹುಬ್ಬಳ್ಳಿಗೆ ನೇರ ಸುಮಾರು 266 ಕಿ.ಮೀ., ಮೈಸೂರಿಗೆ 208, ಶಿವಮೊಗ್ಗಕ್ಕೆ 126. ಗಡಿಯಾಚೆಯ ಕಣ್ಣೂರಿಗೆ 136.

2020ರ ಡಿಸೆಂಬರ್‌ನಲ್ಲಿ ಅಲಯನ್ಸ್ ಏರ್ ಮೈಸೂರು–ಮಂಗಳೂರು ನಡುವೆ ಎಟಿಆರ್ ವಿಮಾನ ಹಾರಿಸಿತು. 2022ರ ಮೇ ತಿಂಗಳಲ್ಲಿ ಇಂಡಿಗೊ ಹುಬ್ಬಳ್ಳಿ–ಮಂಗಳೂರು ನಡುವೆ ನೇರ ವಿಮಾನ ಶುರುಮಾಡಿತು. ಎರಡೂ ಬಹುಕಾಲ ನಡೆಯಲಿಲ್ಲ. ಏಕೆ ಎಂಬುದಕ್ಕೆ ಸಣ್ಣ ದೂರದ ಹಾರಾಟದ ಅರ್ಥಶಾಸ್ತ್ರವೇ ಉತ್ತರ. ವಿಮಾನ ಹೆಚ್ಚು ಇಂಧನ ಸುಡುವುದು ಏರುವಾಗ. ಸಂಪಾದಿಸುವುದು ಹಾರುವಾಗ ಮಾತ್ರ. ನಲವತ್ತು ನಿಮಿಷ ಹಾರಿ ಅರ್ಧ ಗಂಟೆ ನೆಲದಲ್ಲಿ ನಿಲ್ಲುವ ವಿಮಾನಕ್ಕೆ ದಿನದಲ್ಲಿ ದುಡಿಯುವ ಹೊತ್ತು ಕಡಿಮೆ, ಖರ್ಚು ಅಷ್ಟೇ. ಮೈಸೂರಿನ ಮಂಡಕಳ್ಳಿಯ ರನ್‌ವೇ 1,740 ಮೀಟರ್ ಮಾತ್ರ ಇರುವುದರಿಂದ ಅಲ್ಲಿಗೆ ಸಾಮಾನ್ಯವಾಗಿ ಬರುವುದು ಎಟಿಆರ್‌ನಂಥ ಸಣ್ಣ ವಿಮಾನಗಳೇ. ವಾರಕ್ಕೆ ಮೂರು ನಾಲ್ಕು ದಿನ ಮಾತ್ರ ಹಾರುವ ವಿಮಾನವನ್ನು ನಂಬಿ ಯಾರೂ ಕೆಲಸ ಇಟ್ಟುಕೊಳ್ಳುವುದಿಲ್ಲ. ಜನ ಬಾರದಿದ್ದರೆ ಕಂಪನಿ ನಿಲ್ಲಿಸುತ್ತದೆ. ನಿಲ್ಲಿಸಿದ್ದನ್ನು ತೋರಿಸಿ ಜನರಿಗೆ ಬೇಕಿಲ್ಲ ಎನ್ನುತ್ತದೆ.

ಜನರಿಗೆ ಬೇಕು. ಮಂಗಳೂರು, ಮೂಡುಬಿದಿರೆ, ಮಣಿಪಾಲದ ಕಾಲೇಜುಗಳಲ್ಲಿ ಉತ್ತರ ಕರ್ನಾಟಕದ ಮಕ್ಕಳು ಓದುತ್ತಾರೆ. ನಮ್ಮ ಆಸ್ಪತ್ರೆಗಳಿಗೆ ಅಲ್ಲಿಂದ ರೋಗಿಗಳು ಬರುತ್ತಾರೆ. ಧರ್ಮಸ್ಥಳ, ಕುಕ್ಕೆ, ಕಟೀಲಿಗೆ ಭಕ್ತರು ಬರುತ್ತಾರೆ. ಹುಬ್ಬಳ್ಳಿಗೆ ರಸ್ತೆಯಲ್ಲಿ ಅಂಕೋಲಾ, ಯಲ್ಲಾಪುರದ ಮೇಲೆ ಹೋದರೆ 350 ಕಿಲೊಮೀಟರ್‌ಗೆ ಕಡಿಮೆಯಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಯೋಜನೆ ಎರಡು ದಶಕಗಳಿಗೂ ಮಿಕ್ಕಿ ಕಾಡು ಮತ್ತು ಕಡತದ ನಡುವೆ ನಿಂತಿದೆ. ಈಗ ಹುಬ್ಬಳ್ಳಿಗೆ ವಿಮಾನದಲ್ಲಿ ಹೋಗಬೇಕಾದವರು ಬೆಂಗಳೂರು ಸುತ್ತಿ, ಅಲ್ಲಿ ಕಾದು, ಇನ್ನೊಂದು ವಿಮಾನ ಹಿಡಿಯಬೇಕು. 266 ಕಿಲೊಮೀಟರ್ ದೂರದ ಊರಿಗೆ ಅದಕ್ಕಿಂತ ದೂರದ ಊರಿನ ಮೂಲಕ ಹೋಗುವುದು! ದುಬೈಗೆ ಸುಮಾರು ಎರಡೂವರೆ ಸಾವಿರ ಕಿಲೊಮೀಟರ್. ಮೂರೂವರೆ ಗಂಟೆಯ ಹಾರಾಟ. ಕರಾವಳಿಯ ಮನೆಗಳಿಗೆ ಹುಬ್ಬಳ್ಳಿಗಿಂತ ದುಬೈ ಹತ್ತಿರ ಎನ್ನಿಸಿದರೆ ಅದು ಉತ್ಪ್ರೇಕ್ಷೆಯಲ್ಲ.

2017ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಮೊದಲ ವಿಮಾನ ಹಾರಿದಾಗ ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂಬ ಮಾತು ಆಸೆ ಹುಟ್ಟಿಸಿತ್ತು. ಅದರ ಸಹಾಯಧನ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಆಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು. ಕಲಬುರಗಿ, ಬೀದರ್, ಶಿವಮೊಗ್ಗಗಳಲ್ಲಿ ಹೊಸ ನಿಲ್ದಾಣಗಳು ಬಂದವು. 2023ರಲ್ಲಿ ತೆರೆದ ಶಿವಮೊಗ್ಗದ ರನ್‌ವೇ ಮಂಗಳೂರಿನದಕ್ಕಿಂತ ಉದ್ದ. ಆದರೆ ಅವೆಲ್ಲವೂ ಮುಖ ಮಾಡಿರುವುದು ರಾಜ್ಯದ ಹೊರಗಿನ ಮಹಾನಗರಗಳತ್ತ ಅಥವಾ ಬೆಂಗಳೂರಿನತ್ತ. ಒಂದರ ಕಡೆಗೆ ಒಂದು ನೋಡುವುದಿಲ್ಲ.

ಹೊರಗಿನವರು ಹೇಗೆ ಅಳೆದರು?

ಸ್ಕಾಟ್ಲೆಂಡಿನ ಆರ್ಕ್‌ನಿ ದ್ವೀಪಗಳಲ್ಲಿ ವೆಸ್ಟ್ರೆ ಮತ್ತು ಪಾಪಾ ವೆಸ್ಟ್ರೆ ಎಂಬ ಎರಡು ದ್ವೀಪಗಳ ನಡುವೆ ನಿಯಮಿತ ವಿಮಾನವಿದೆ. ದೂರ 2.7 ಕಿಲೊಮೀಟರ್, ಹಾರಾಟ ಎರಡು ನಿಮಿಷದ ಆಸುಪಾಸು. ಜಗತ್ತಿನಲ್ಲೇ ಅತಿ ಚಿಕ್ಕ ನಿಯಮಿತ ಹಾರಾಟ ಅದು. ಅದನ್ನು ಯಾರೂ ದುಂದು ಎನ್ನುವುದಿಲ್ಲ. ನಡುವೆ ಇರುವುದು ಒರಟು ಸಮುದ್ರ, ಆಚೆ ಕಾಯುವವರು ರೋಗಿಗಳು ಮತ್ತು ಶಿಕ್ಷಕರು. ಇನ್ನೊಂದು ಕಡೆ ಫ್ರಾನ್ಸ್ 2023ರಲ್ಲಿ, ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಮುಟ್ಟಬಹುದಾದ ಊರುಗಳಿಗೆ ವಿಮಾನ ಬೇಡ ಎಂದಿತು. ಪ್ಯಾರಿಸ್ಸಿನ ಓರ್ಲಿಯಿಂದ ಬೋರ್ಡೊ, ಲಿಯೋಂ, ನಾಂತ್ ನಗರಗಳಿಗೆ ಹಾರಾಟ ನಿಂತಿತು. ಹೊಗೆ ಕಡಿಮೆ ಮಾಡಬೇಕೆಂಬ ಆ ಕಾಳಜಿ ನಮ್ಮದೂ ಆಗಬೇಕು.

ಎರಡು ದೇಶಗಳೂ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಕೆಳಗೆ ನೆಲದಲ್ಲಿ ಏನಿದೆ? ಒಳ್ಳೆಯ ರೈಲಿದ್ದರೆ ವಿಮಾನ ಬೇಡ. ದಾಟಲಾಗದ ನೀರಿದ್ದರೆ ಎರಡು ನಿಮಿಷದ ವಿಮಾನವೂ ಬೇಕು. ನಮ್ಮ ಕೆಳಗಿರುವುದು ಪಶ್ಚಿಮ ಘಟ್ಟ. ವರ್ಷದ ಎಂಟು ತಿಂಗಳು ಅದು ದಾರಿ, ನಾಲ್ಕು ತಿಂಗಳು ಅಡ್ಡಗೋಡೆ. ಶಿರಾಡಿಗೆ ಸುರಂಗ ಕೊರೆಯುವ ಮಾತು ವರ್ಷಗಳಿಂದ ಕೇಳುತ್ತಿದ್ದೇವೆ. ಪದೇಪದೇ ಜಾರುವ ಬೆಟ್ಟವನ್ನು ಇನ್ನಷ್ಟು ಕಡಿಯುವ ಮೊದಲು, ಇರುವ ಹಳಿಯನ್ನು ಭದ್ರಪಡಿಸುವುದು ಮತ್ತು ಇರುವ ಆಕಾಶದ ದಾರಿಯನ್ನು ಚೆನ್ನಾಗಿ ಬಳಸುವುದು ವಿವೇಕ.

ಆಗಬೇಕಾದ್ದು

ಮೊದಲನೆಯದು, ಬೆಳಗಿನ ಮೊದಲ ವಿಮಾನಕ್ಕೂ ರಾತ್ರಿಯ ಕೊನೆಯ ವಿಮಾನಕ್ಕೂ ಹೊಂದುವಂತೆ ಮಂಗಳೂರು, ಉಡುಪಿ, ಕಾಸರಗೋಡಿನಿಂದ ಕೆಂಜಾರಿಗೆ ಸರ್ಕಾರಿ ಬಸ್ಸು. ವಿಮಾನ ತಡವಾದರೆ ಅದೂ ಕಾಯಬೇಕು. ಎರಡನೆಯದು, ಫಲ್ಗುಣಿ ದಾಟಲು ಒಂದೇ ಸೇತುವೆಯನ್ನು ನಂಬಿರದ, ಮಳೆಗಾಲಕ್ಕೆ ತಡೆಯುವ ಪರ್ಯಾಯ ದಾರಿ. ಮೂರನೆಯದು, ಮಳೆಗಾಲದಲ್ಲಿ ವಿಮಾನ ಬೇರೆಡೆಗೆ ಹೋಗುವ ಸಂಭವವಿದ್ದರೆ ಹೊರಡುವ ಮೊದಲೇ ಪ್ರಯಾಣಿಕರಿಗೆ ಕನ್ನಡದಲ್ಲಿ ತಿಳಿಸುವ ಕಡ್ಡಾಯ ನಿಯಮ. ನಾಲ್ಕನೆಯದು, ಹುಬ್ಬಳ್ಳಿ ಮತ್ತು ಮೈಸೂರಿಗೆ ದಿನವೂ, ಬೆಳಗ್ಗೆ ಹೋಗಿ ಸಂಜೆ ಬರುವಂತೆ, ಎಪ್ಪತ್ತೆಂಟು ಸೀಟಿನ ಎಟಿಆರ್. ವಾರಕ್ಕೆ ಮೂರು ದಿನ ಹಾರಿಸಿ ನೋಡುವುದು ಪರೀಕ್ಷೆಯಲ್ಲ. ನಷ್ಟವಾದರೆ ರಾಜ್ಯ ಸರ್ಕಾರ ಕೆಲವು ವರ್ಷ ಭರಿಸಲಿ. ಘಟ್ಟದ ಬಸ್ಸುಗಳನ್ನು ಲಾಭ ನೋಡಿ ಓಡಿಸಿದ್ದರೆ ಎಷ್ಟೋ ಹಳ್ಳಿಗಳು ಇಂದಿಗೂ ಬಸ್ಸು ಕಾಣುತ್ತಿರಲಿಲ್ಲ.

ನನ್ನ ಪುಸ್ತಕದ ಆ ಪುಟವನ್ನು ಮತ್ತೆ ತೆರೆದು ಕೂಡಿಸಿ ಕಳೆದಿದ್ದೇನೆ. ಟರ್ಮಿನಲ್‌ನಲ್ಲಿ ಕಾದ ಹೊತ್ತಿನಲ್ಲಿ ಇಪ್ಪತ್ತೈದು ನಿಮಿಷ, ಚೀಲಕ್ಕೂ ಬಸ್ಸಿಗೂ ಕಾದದ್ದರಲ್ಲಿ ಹದಿನೈದು, ದೇವನಹಳ್ಳಿಯಿಂದ ಬಸವನಗುಡಿಗೆ ಹಳಿ ಬಂದರೆ ನಲವತ್ತು. ಒಟ್ಟು ಎಂಬತ್ತು ನಿಮಿಷ. ವಿಮಾನ ಒಂದು ಸೆಕೆಂಡೂ ಬೇಗ ಹಾರದೆ ಐದೂವರೆ ಗಂಟೆಯ ದಾರಿ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಆಗ ನಮ್ಮ ಟ್ಯಾಕ್ಸಿ ಚಾಲಕರು ಇನ್ನೂ ನೆಲಮಂಗಲಕ್ಕೆ ಸುಮಾರು ಎರಡು ಗಂಟೆ ದೂರದಲ್ಲಿ ಇರುತ್ತಾರೆ, ಹೊತ್ತಿಗೆ ಸರಿಯಾಗಿ ಮಾಹಿತಿ ಸಿಕ್ಕು ಬಸ್ಸು ಹಿಡಿದ ಬಂಟ್ವಾಳದ ಆ ಹಿರಿಯರು ಅಣ್ಣನ ಮುಖವನ್ನು ಕೊನೆಯ ಸಲ ನೋಡಿರುತ್ತಾರೆ.